ಲಕೋಟೆಯ ಮೇಲಿನ ಸಹಿ

ಚುನಾವಣೆ ಮುಗಿದ ಮುಂದಿನ ವಾರ ಕೌಂಟಿಯ, ಅಂದರೆ ಇಲ್ಲಿಯ ಜಿಲ್ಲೆಯ, ಚುನಾವಣಾ ಕಚೇರಿಯಿಂದ ನನಗೊಂದು ಪತ್ರ ಬಂತು. ನಿಮ್ಮ ಮತಪತ್ರ ತಲುಪಿದೆ; ಆದರೆ ಲಕೋಟೆಯ ಮೇಲಿರುವ ಸಹಿ ನಮ್ಮ ಕಡತದಲ್ಲಿರುವ ಸಹಿಗೆ ಹೊಂದುತ್ತಿಲ್ಲ; ಕೊನೆಯ ದಿನದೊಳಗೆ ಸರಿಪಡಿಸದಿದ್ದರೆ ನಿಮ್ಮ ಮತವನ್ನು ಎಣಿಸುವುದಿಲ್ಲ ಎಂದಿತ್ತು. ಈ ದೇಶಕ್ಕೆ ಬಂದು ಇಪ್ಪತ್ತೆರಡು ವರ್ಷದ ಮೇಲೆ ನಾನು ಹಾಕಿದ ಮೊದಲ ಓಟು ಅದು. ಅಡುಗೆಮನೆಯಲ್ಲಿ ನಿಂತೇ ಪತ್ರವನ್ನು ಎರಡು ಸಲ ಓದಿದೆ. ಒಲೆಯ ಮೇಲಿದ್ದ ಒಗ್ಗರಣೆ ಕರಕಲಾಯಿತು.

ತಪ್ಪು ಕಚೇರಿಯದಲ್ಲ, ನನ್ನದೇ. ಇಲ್ಲಿ ಮತಪತ್ರ ಅಂಚೆಯಲ್ಲಿ ಮನೆಗೇ ಬರುತ್ತದೆ; ತುಂಬಿ, ಲಕೋಟೆಗೆ ಹಾಕಿ, ಮೇಲೆ ಸಹಿ ಮಾಡಿ ವಾಪಸು ಕೊಡಬೇಕು. ಆ ಲಕೋಟೆಯ ಮೇಲೆ ನಾನು ಕನ್ನಡದಲ್ಲಿ ಸಹಿ ಮಾಡಿದ್ದೆ. ಅವರ ಕಡತದಲ್ಲಿದ್ದದ್ದು ಡ್ರೈವಿಂಗ್ ಲೈಸೆನ್ಸಿಗೆಂದು ಮಾಡಿದ ಇಂಗ್ಲಿಷ್ ಸಹಿ. ಎರಡು ಮಾಸ್ಟರ್ಸ್ ಡಿಗ್ರಿ ಇಟ್ಟುಕೊಂಡ ಹೆಂಗಸು ಇಷ್ಟು ದಡ್ಡಿಯಾಗುವುದು ಹೇಗೆ ಎಂದು ನನ್ನ ಗಂಡ ಕೇಳಿದರು. ಅದಕ್ಕೆ ಉತ್ತರ ಹೇಳಬೇಕೆಂದರೆ ಧಾರವಾಡದಿಂದ ಶುರುಮಾಡಬೇಕು.

ನನ್ನ ಅಪ್ಪ ಧಾರವಾಡದ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಪ್ರತಿ ಚುನಾವಣೆಯಲ್ಲೂ ಅವರಿಗೆ ಮತಗಟ್ಟೆಯ ಡ್ಯೂಟಿ ಬೀಳುತ್ತಿತ್ತು. ಉಳಿದ ಮೇಷ್ಟ್ರುಗಳು ಬೆನ್ನುನೋವು, ಬಿಪಿ ಎಂದು ಸರ್ಟಿಫಿಕೇಟು ಹುಡುಕಿಕೊಂಡು ಓಡಾಡುತ್ತಿದ್ದರೆ ಅಪ್ಪ ಮದುವೆಗೆ ಹೊರಟವರಂತೆ ಅಂಗಿಗೆ ಇಸ್ತ್ರಿ ಮಾಡಿಸುತ್ತಿದ್ದರು. ಅವ್ವ ಹಚ್ಚಿದ ಅವಲಕ್ಕಿಯ ಡಬ್ಬಿ ಕಟ್ಟಿಕೊಡುತ್ತಿದ್ದಳು. ಮರುದಿನ ವಾಪಸು ಬಂದಾಗ ಕಣ್ಣು ಕೆಂಪಾಗಿರುತ್ತಿತ್ತು, ಮೈಗೆಲ್ಲ ಅರಗಿನ ವಾಸನೆ. ಸ್ನಾನವನ್ನೂ ಮಾಡದೆ ಯಾರು ಬಂದರು, ಯಾವ ಮುದುಕಿ ಮೊಮ್ಮಗನ ಹೆಗಲ ಮೇಲೆ ಬಂದಳು, ಯಾರು ಯಾರಿಗೆ ಹಾಕಬೇಕೆಂದು ಗಟ್ಟಿಯಾಗಿ ಕೂಗಿ ಬೈಸಿಕೊಂಡರು ಎಂದು ಹೇಳುತ್ತ ಕೂರುತ್ತಿದ್ದರು.

ನನಗೆ ಸಹಿ ಕಲಿಸಿದವರೂ ಅವರೇ. ಏಳನೆಯ ತರಗತಿಯ ರಜೆಯಲ್ಲಿ ಕೂರಿಸಿ ಹಳೆಯ ಉತ್ತರಪತ್ರಿಕೆಗಳ ಹಿಂಬದಿಯಲ್ಲಿ ಬರೆಸಿದರು. ಕನ್ನಡದಲ್ಲಿ ಪೂರ್ತಿ ಹೆಸರು, ಕೆಳಗೊಂದು ಗೆರೆ, ಗೆರೆಯ ಕೆಳಗೆ ಎರಡು ಚುಕ್ಕಿ. ನಾನು ದಿನಕ್ಕೊಂದು ಬಗೆಯಲ್ಲಿ ಬಳುಕಿಸಿ ಬರೆಯುವುದನ್ನು ನೋಡಿ ಸಿಟ್ಟಿಗೆದ್ದರು. "ಸಹಿ ಅಂದ್ರ ನಿನ್ನ ಮಾರಿ ಇದ್ದಂಗ. ದಿನಾ ಒಂದೊಂದ್ ಮಾರಿ ಹಾಕ್ಕೊಂಡ್ ತಿರಗತೀಯೇನು?" ಎಂದರು. ಆಮೇಲೆ ನಾನು ಆ ಚುಕ್ಕಿಗಳ ಜಾಗವನ್ನೂ ಬದಲಿಸಲಿಲ್ಲ.

ಊರಿನಲ್ಲಿ ನಾನು ಎರಡೇ ಸಲ ಓಟು ಹಾಕಿದವಳು. ರಿಜಿಸ್ಟರಿನಲ್ಲಿ ಸಹಿ ಮಾಡಬೇಕು, ಎಡಗೈಯ ತೋರುಬೆರಳು ಚಾಚಬೇಕು, ಶಾಯಿ ಹಚ್ಚಿಸಿಕೊಂಡು ಒಳಗೆ ಹೋಗಬೇಕು. ಎರಡನೆಯ ಸಲ ಹಾಕಿದ್ದು ವಿಮಾನ ಹತ್ತುವುದಕ್ಕೆ ನಾಲ್ಕು ದಿನ ಮುಂಚೆ. ಶಾಯಿ ನನ್ನ ಜೊತೆಗೇ ಇಲ್ಲಿಗೆ ಬಂತು. ಪಶ್ಚಿಮ ಕರಾವಳಿಯ ನೆವಾರ್ಕಿನ ಪಕ್ಕದ ಈ ಊರಿನ ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿ ಅದು ಉಗುರಿನೊಂದಿಗೆ ನಿಧಾನವಾಗಿ ಮೇಲೇರಿತು. ಕೊನೆಯ ಕಪ್ಪು ಅಂಚನ್ನು ಉಗುರು ಕತ್ತರಿಸುವಾಗ ಎಸೆಯಲು ಮನಸ್ಸಾಗದೆ ಸ್ವಲ್ಪ ಹೊತ್ತು ಅಂಗೈಯಲ್ಲಿಟ್ಟುಕೊಂಡು ಕೂತಿದ್ದೆ. ಇನ್ನು ಇಪ್ಪತ್ತು ವರ್ಷ ಎಲ್ಲಿಯೂ ಓಟು ಹಾಕುವುದಿಲ್ಲ ಎಂದು ಆಗ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಆದರೆ ಆದದ್ದು ಹಾಗೆಯೇ. ವೀಸಾ, ಅದರ ನವೀಕರಣ, ಗ್ರೀನ್‌ಕಾರ್ಡಿನ ಸರದಿ, ಅದು ಬಂದ ಮೇಲೆ ಪೌರತ್ವಕ್ಕೆ ಮತ್ತೆ ಐದು ವರ್ಷ. ತೆರಿಗೆ ಕಟ್ಟಿದೆ, ಮಗಳನ್ನು ಹೆತ್ತೆ, ಶಾಲೆಗೆ ದುಡ್ಡು ಕೂಡಿಸುವ ಬೇಕ್‌ಸೇಲಿಗೆ ಕೋಡುಬಳೆ ಕರಿದು ಕೊಟ್ಟೆ. ಓಟು ಮಾತ್ರ ಇಲ್ಲ. ನಮ್ಮವರು ಮನೆಮನೆಯಿಂದ ಅಡುಗೆ ತಂದು ಸೇರುವ ಪಾಟ್‌ಲಕ್ಕುಗಳಲ್ಲಿ ರಾಜಕೀಯಕ್ಕೇನೂ ಕೊರತೆಯಿರಲಿಲ್ಲ. ಬಿಸಿಬೇಳೆಬಾತಿನ ತಟ್ಟೆ ಹಿಡಿದು ವಾಷಿಂಗ್ಟನ್ನನ್ನೂ ದಿಲ್ಲಿಯನ್ನೂ ಒಂದೇ ಉಸಿರಿನಲ್ಲಿ ಸರಿಮಾಡಿಬಿಡುತ್ತಾರೆ. ನಮ್ಮ ವಾರ್ಡಿನ ಕೌನ್ಸಿಲ್ ಸದಸ್ಯರು ಯಾರು ಎಂದು ಕೇಳಿದರೆ ಮೊಸರನ್ನದ ಕಡೆ ತಿರುಗುತ್ತಾರೆ. ಅವರನ್ನು ಬೈದು ನಾನೇನು ದೊಡ್ಡವಳಾಗುವುದಿಲ್ಲ. ನನಗೂ ಗೊತ್ತಿರಲಿಲ್ಲ.

ಇನ್ನು ನನ್ನ ಇಂಗ್ಲಿಷ್ ಸಹಿಯ ಕಥೆ. ಇಲ್ಲಿ ನಾನು ಎಂಟು ವರ್ಷ ಒಂದು ಕಂಪನಿಯಲ್ಲಿದ್ದೆ. ಯಂತ್ರಗಳ ಲೋಹದ ಬಿಡಿಭಾಗಗಳಿಗೆ ರಾಸಾಯನಿಕದ ತೊಟ್ಟಿಗಳಲ್ಲಿ ಅದ್ದಿ ಲೇಪ ಹಾಕುವ ಕೆಲಸ ಅಲ್ಲಿಯದು. ನಾನು ಲ್ಯಾಬಿನವಳು. ಕಾರ್ಖಾನೆಯ ಹಿಂದಿನ ಬೇಲಿಯ ಹತ್ತಿರ ಒಂದು ಡಬ್ಬಿಯಲ್ಲಿ ಗಾಳಿ ಹಿಡಿದು ಪರೀಕ್ಷೆಗೆ ಕಳಿಸಿ, ಅದರಲ್ಲಿ ವಿಷ ಎಷ್ಟಿದೆ ಎಂದು ಬಂದ ಲೆಕ್ಕವನ್ನು ಸರ್ಕಾರಕ್ಕೆ ಹೋಗುವ ರಿಪೋರ್ಟಿನಲ್ಲಿ ಬರೆದು ಸಹಿ ಹಾಕುವುದು ನನ್ನ ಕೆಲಸಗಳಲ್ಲಿ ಒಂದು. ಬೇಲಿಯ ಆಚೆ ಮನೆಗಳಿದ್ದವು. ಅವುಗಳ ಒಂದು ಸಾಲಿನಲ್ಲಿ ನಮ್ಮ ಮನೆಯೂ. ಬಾಡಿಗೆ ಕಡಿಮೆ ಎಂದು ಬಂದು ಸೇರಿದ್ದೆವು, ಆಫೀಸಿಗೆ ನಡೆದೇ ಹೋಗಬಹುದು ಎಂದು ಖುಷಿಪಟ್ಟಿದ್ದೆವು.

ಒಂದು ಬೇಸಿಗೆಯಲ್ಲಿ ಮೂರು ಸಲ ಲೆಕ್ಕ ಮಿತಿಗಿಂತ ಜಾಸ್ತಿ ಬಂತು. ಮ್ಯಾನೇಜರಿಗೆ ತೋರಿಸಿದೆ. ಆತ ಕೆಟ್ಟ ಮನುಷ್ಯನಲ್ಲ. ಎಲ್ಲರ ಹುಟ್ಟುಹಬ್ಬಕ್ಕೂ ತಾನೇ ಕೇಕು ತರುವವನು. ಅವತ್ತು ಗಾಳಿ ವಿಚಿತ್ರವಾಗಿತ್ತು, ಇನ್ನೊಂದು ಸಲ ತೆಗೆಯಿರಿ ಎಂದ. ತೆಗೆದೆ. ಮತ್ತೊಂದು ಸಲ ಎಂದ. ಕೊನೆಗೆ ಒಂದು ಸಲ ಕಡಿಮೆ ಬಂತು. ಅದನ್ನೇ ರಿಪೋರ್ಟಿಗೆ ಹಾಕಿರಿ ಎಂದ. ಆಗ ನನ್ನ ಗ್ರೀನ್‌ಕಾರ್ಡಿನ ಅರ್ಜಿ ಅದೇ ಕಂಪನಿಯ ಹೆಸರಿನಲ್ಲಿ ಸರದಿಯಲ್ಲಿತ್ತು. ಕೆಲಸ ಹೋದರೆ ಸರದಿಯೂ ಹೋಗುತ್ತದೆ, ಎರಡನೆಯ ಕ್ಲಾಸಿನ ಮಗಳನ್ನು ಕರೆದುಕೊಂಡು ವಾಪಸು ಹೊರಡಬೇಕಾಗುತ್ತದೆ ಎಂಬುದು ಆತನಿಗೂ ಗೊತ್ತು, ನನಗೂ ಗೊತ್ತು. ಅದನ್ನು ಆತ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು. ನಾನು ಸಹಿ ಹಾಕಿದೆ, ಇಂಗ್ಲಿಷಿನಲ್ಲಿ, ಮೊದಲಕ್ಷರದ ಬಾಲವನ್ನು ಎಳೆದು.

ಕಂಪನಿ ಎಂದರೆ ಏನು ಎಂದು ಆಮೇಲೆ ನಾನು ಬಹಳ ಯೋಚಿಸಿದ್ದೇನೆ. ಈ ದೇಶದಲ್ಲಿ ಕಂಪನಿಗೆ ಮನುಷ್ಯರ ಹಾಗೆ ಮಾತಾಡುವ ಹಕ್ಕಿದೆ, ಚುನಾವಣೆಗೆ ಹಣ ಸುರಿಯುವ ಹಕ್ಕಿದೆ. ತಪ್ಪು ಮಾಡಿದಾಗ ಮಾತ್ರ ಹಿಡಿದುಕೊಳ್ಳೋಣವೆಂದರೆ ಅದಕ್ಕೆ ರಟ್ಟೆಯಿಲ್ಲ, ಕುತ್ತಿಗೆಪಟ್ಟಿಯಿಲ್ಲ. ನಿಮ್ಮ ಆರೋಗ್ಯವನ್ನು ನಾವು ಗಂಭೀರವಾಗಿ ಪರಿಗಣಿಸುತ್ತೇವೆ ಎಂಬ ಒಂದು ವಾಕ್ಯ, ತಪ್ಪು ಒಪ್ಪಿಕೊಳ್ಳದೆಯೇ ಒಂದು ರಾಜಿ, ಅಲ್ಲಿಗೆ ಮುಗಿಯಿತು. ಲಾಸ್ ಆಲ್ಟೋಸ್‌ನಂಥ ಶ್ರೀಮಂತರ ಊರಿನಲ್ಲಿ ಇಂಥ ತೊಟ್ಟಿಗಳನ್ನು ಮನೆಯ ಹಿಂದೆ ಇಡುತ್ತೇವೆಂದು ಕೇಳುವ ಧೈರ್ಯ ಯಾರಿಗಿದೆ? ಇಡುವುದು ನಮ್ಮಂಥವರ ಮನೆಯ ಹಿಂದೆ. ಇದೆಲ್ಲ ನಿಜ, ಇದನ್ನು ನಾನು ಯಾರ ಎದುರಿಗೂ ಏರುದನಿಯಲ್ಲೇ ಹೇಳುತ್ತೇನೆ. ಹೇಳಿ ಮುಗಿದ ಮೇಲೆ ಆ ರಿಪೋರ್ಟಿನ ಕೆಳಗಿರುವ ಸಹಿ ಮಾತ್ರ ಮ್ಯಾನೇಜರನದಲ್ಲ, ನನ್ನದು ಎಂಬುದು ನೆನಪಾಗುತ್ತದೆ.

ನಮ್ಮ ಪಕ್ಕದ ಮನೆಯಲ್ಲಿ ಮೈಸೂರಿನ ಒಬ್ಬ ಅಮ್ಮ ಇದ್ದಾರೆ. ಮಗಳು ಅಳಿಯನ ಜೊತೆ ಇರಲು ಬಂದವರು, ಎಪ್ಪತ್ತು ದಾಟಿದೆ. ತಲೆಯ ಮೇಲೆ ದುಪಟ್ಟಾ ಹೊದ್ದು ಹಿತ್ತಲಿನಲ್ಲಿ ಪುದೀನ, ದೊಡ್ಡಪತ್ರೆ, ಮೆಂತ್ಯ ಬೆಳೆಯುತ್ತಾರೆ. ನಮ್ಮ ಎರಡು ಹಿತ್ತಲುಗಳ ನಡುವೆ ಇರುವುದು ಒಂದು ಮರದ ಬೇಲಿ, ಅದರಲ್ಲೂ ಎರಡು ಹಲಗೆ ಬಿದ್ದುಹೋಗಿದೆ. ಆ ಸಂದಿಯಿಂದ ನಮ್ಮ ಮನೆಗೆ ಸೊಪ್ಪು ಬರುತ್ತದೆ, ಅವರ ಮನೆಗೆ ಜೋಳದ ರೊಟ್ಟಿ ಹೋಗುತ್ತದೆ. ಬಂದ ಎರಡನೆಯ ವರ್ಷವೇ ಅವರಿಗೆ ಕೆಮ್ಮು ಶುರುವಾಯಿತು, ಆಮೇಲೆ ಇನ್‌ಹೇಲರು ಬಂತು. ಕಾರ್ಖಾನೆಯ ಕಡೆಯಿಂದ ಗಾಳಿ ಬೀಸುವ ದಿನ ಹಿತ್ತಲಿಗೇ ಬರುತ್ತಿರಲಿಲ್ಲ. ಕೆಮ್ಮು ಆ ಗಾಳಿಯಿಂದಲೇ ಬಂತೆಂದು ನಾನು ಹೇಳಲಾರೆ, ಯಾರೂ ಹೇಳಲಾರರು. ಹೇಳಲಿಕ್ಕೆ ಬೇಕಾದ ಲೆಕ್ಕವನ್ನು ಬರೆಯದೆ ಬಿಟ್ಟವಳೇ ನಾನು.

ನಾನು ಆ ಸಹಿ ಹಾಕಿದ ವರ್ಷವೇ ಒಂದು ದಿನ ಅವರು ಹಲಗೆಯ ಸಂದಿಯಿಂದ ಕರೆದರು. ನಾನು ಲ್ಯಾಬಿನ ಕೆಲಸದವಳು ಎಂದಷ್ಟೇ ಅವರಿಗೆ ಗೊತ್ತಿತ್ತು, ಯಾವ ಲ್ಯಾಬು ಎಂದು ಗೊತ್ತಿರಲಿಲ್ಲ. "ಸಿಟಿ ಹಾಲಲ್ಲಿ ಆ ಕಾರ್ಖಾನೆ ವಾಸನೆ ವಿಷ್ಯ ಮೀಟಿಂಗಿದೆಯಂತೆ. ಯಾರು ಬೇಕಾದ್ರೂ ಮಾತಾಡ್ಬಹುದಂತೆ, ಎರಡು ನಿಮಿಷ. ನನಗೆ ಇಂಗ್ಲಿಷು ಬರಲ್ಲ, ಮಗಳಿಗೆ ಅವತ್ತು ಡ್ಯೂಟಿ. ನೀನು ಬಾರಮ್ಮ ಜೊತೇಲಿ. ನಾನು ಕನ್ನಡದಲ್ಲಿ ಹೇಳ್ತೀನಿ, ನೀನು ಇಂಗ್ಲಿಷಲ್ಲಿ ಹೇಳು," ಎಂದರು.

"ಅವತ್ತು ಆಫೀಸಲ್ಲಿ ಮೀಟಿಂಗಿದೆ ಅಮ್ಮಾ," ಎಂದೆ.

"ಹೌದಾ. ಇರಲಿ ಬಿಡು," ಎಂದು ಒಂದು ಕಟ್ಟು ಪುದೀನ ಕೊಟ್ಟು ಒಳಗೆ ಹೋದರು. ಅವರು ಸಿಟಿ ಹಾಲಿಗೆ ಹೋಗಲಿಲ್ಲ. ಆ ಪುದೀನವನ್ನು ನಾನು ಬಳಸಲೂ ಇಲ್ಲ, ಎಸೆಯಲೂ ಇಲ್ಲ. ಫ್ರಿಜ್ಜಿನಲ್ಲಿ ಕಪ್ಪಾಯಿತು.

ಗ್ರೀನ್‌ಕಾರ್ಡು ಬಂದ ತಿಂಗಳೇ ಕೆಲಸ ಬಿಟ್ಟೆ. ಬಿಟ್ಟರೆ ಹಗುರಾಗುತ್ತೇನೆ ಎಂದುಕೊಂಡಿದ್ದೆ, ಆಗಲಿಲ್ಲ. ಪೌರತ್ವ ಬರುವ ಹೊತ್ತಿಗೆ ಅಪ್ಪ ಹೋಗಿಬಿಟ್ಟಿದ್ದರು. ಹೊಸ ಓಟಿನ ಸುದ್ದಿಯನ್ನು ಹೇಳಬೇಕಾದ ಒಬ್ಬರೇ ಒಬ್ಬರು ಅವರು. ಪ್ರಮಾಣವಚನ ಮುಗಿಸಿ ಬಂದ ದಿನ ಅಭ್ಯಾಸಬಲದಿಂದ ಫೋನು ಕೈಗೆತ್ತಿಕೊಂಡು, ಅವರ ನಂಬರು ನೋಡಿ, ಮತ್ತೆ ಇಟ್ಟೆ.

ಇಲ್ಲಿ ಅಭ್ಯರ್ಥಿಗಳ ಜೊತೆಗೆ ಊರಿನ ಕೆಲವು ಕಾನೂನುಗಳನ್ನೂ ಜನರ ಓಟಿಗೇ ಹಾಕುತ್ತಾರೆ. ಹೀಗಿರುವಾಗ ನಮ್ಮೂರಿನ ಮತಪತ್ರದಲ್ಲಿ ಒಂದು ಪ್ರಶ್ನೆ ಬಂತು. ಇಂಥ ಕಾರ್ಖಾನೆಗಳು ತಮ್ಮ ಬೇಲಿಯುದ್ದಕ್ಕೂ ಗಾಳಿ ಅಳೆಯುವ ಯಂತ್ರ ಹಾಕಬೇಕು, ಅದರ ಲೆಕ್ಕ ಊರಿನವರಿಗೆಲ್ಲ ಕಾಣಬೇಕು; ಹೌದೋ, ಅಲ್ಲವೋ? ನಾನು ಇಪ್ಪತ್ತು ವರ್ಷ ಕಾದದ್ದು ಈ ಒಂದು ಪ್ರಶ್ನೆಗೇ ಅನ್ನಿಸಿತು. ಅಧ್ಯಕ್ಷರು ಯಾರಾಗಬೇಕು ಎಂಬುದನ್ನು ಕೋಟಿಗಟ್ಟಲೆ ಜನ ಹೇಳಲಿ. ಆ ಡಬ್ಬಿ ಇಡುತ್ತಿದ್ದ ಜಾಗ ಬೇಲಿಯ ಯಾವ ಕಂಬದ ಪಕ್ಕ ಎಂಬುದನ್ನು ಬಲ್ಲವರು ನಮ್ಮೂರಿನಲ್ಲಿ ನಾಲ್ಕೈದು ಮಂದಿ. ಅಂದು ಬರೆಯದೆ ಬಿಟ್ಟದ್ದನ್ನು ಈ ಓಟಿನಲ್ಲಾದರೂ ಬರೆಯುತ್ತೇನೆ ಎಂದುಕೊಂಡೆ.

ಮರುವಾರದಿಂದ ಅಂಚೆಪೆಟ್ಟಿಗೆ ತುಂಬಿತು. ಮಿರಿಮಿರಿ ಮಿಂಚುವ ದಪ್ಪ ಕಾರ್ಡುಗಳು. ಒಂದರಲ್ಲಿ ಕಾರ್ಮಿಕರ ಹಾರ್ಡ್‌ಹ್ಯಾಟ್ ಹಾಕಿದ ಒಬ್ಬ ಅಪ್ಪ, ಹೆಗಲ ಮೇಲೆ ಮಗು. ಈ ಕಾನೂನು ಬಂದರೆ ಇವರ ಕೆಲಸ ಹೋಗುತ್ತದೆ ಎಂದು ದೊಡ್ಡಕ್ಷರದಲ್ಲಿತ್ತು. ಕಳಿಸಿದವರು ನೆರೆಹೊರೆಯವರ ಒಕ್ಕೂಟ. ಯಾವ ನೆರೆ, ಯಾವ ಹೊರೆ? ಕನ್ನಡಕ ಹಾಕಿ ಕೆಳಗಿನ ಇರುವೆಯಂಥ ಅಕ್ಷರ ಓದಿದರೆ ದುಡ್ಡು ಕೊಟ್ಟವರ ಪಟ್ಟಿಯಲ್ಲಿ ನನ್ನ ಹಳೆಯ ಕಂಪನಿಯ ಹೆಸರಿತ್ತು. ನಮ್ಮ ಕಡೆ ಚುನಾವಣೆಯಲ್ಲಿ ಸೀರೆ ಹಂಚಿದರೆ ಹಿಡಿದು ಕೇಸು ಹಾಕುತ್ತಾರೆ. ಇಲ್ಲಿ ಹೆದರಿಕೆಯನ್ನು ಮನೆಮನೆಗೆ ಹಂಚಬಹುದು, ಅದಕ್ಕೆ ಅಂಚೆಯ ರಿಯಾಯಿತಿಯೂ ಇದೆ. ಸೀರೆಯಾದರೂ ಉಡಲಿಕ್ಕೆ ಬರುತ್ತಿತ್ತು.

ಮತಪತ್ರವನ್ನು ನಾನು ಒಂದು ಭಾನುವಾರ ಬೆಳಿಗ್ಗೆ ಊಟದ ಟೇಬಲ್ಲಿನ ಮೇಲೆ ತುಂಬಿದೆ. ಕಾಲೇಜಿನಿಂದ ಬಂದಿದ್ದ ಮಗಳು ಎದುರಿಗೆ ಕೂತು ತನ್ನದನ್ನು ಹತ್ತೇ ನಿಮಿಷದಲ್ಲಿ ಮುಗಿಸಿದಳು. ನಾನು ತಲೆಗೆ ಸ್ನಾನ ಮಾಡಿ ಬಂದಿದ್ದೆ. "ಇದೇನು ಪೂಜೇನಾ ಅಮ್ಮಾ? ಇಟ್ಸ್ ಜಸ್ಟ್ ಎ ಫಾರ್ಮ್," ಎಂದು ನಕ್ಕಳು. ಒಂದೊಂದೇ ಖಾಲಿ ವೃತ್ತವನ್ನು ಪೆನ್ನಿನಿಂದ ತುಂಬುತ್ತ ಹೋದೆ. ಆ ಪ್ರಶ್ನೆ ಬಂದಾಗ 'ಹೌದು' ಎಂಬುದರ ಪಕ್ಕದ ವೃತ್ತವನ್ನು ಗಡಿ ದಾಟದ ಹಾಗೆ ಮೆಲ್ಲಗೆ ತುಂಬಿದೆ. ಬೆರಳಿಗೆ ಶಾಯಿ ಇಲ್ಲ, ಸಾಲು ಇಲ್ಲ, ಹೆಸರು ಕೂಗುವ ಮೇಷ್ಟ್ರು ಇಲ್ಲ. ಎದುರಿಗೆ ಅರ್ಧ ತಿಂದ ದೋಸೆಯ ತಟ್ಟೆ. ಆ ಶಾಲೆಯ ಸುಣ್ಣದ ಗೋಡೆಯ ವಾಸನೆ ಬೇಕು, ಅಪ್ಪ ಬೇಕು ಅನ್ನಿಸಿತು.

ಹಾಗೆ ಅನ್ನಿಸುತ್ತಿರುವಾಗಲೇ ಲಕೋಟೆ ತಿರುಗಿಸಿ ಸಹಿ ಮಾಡಿದೆ. ಕೈ ತಾನಾಗಿ ಕನ್ನಡದಲ್ಲಿ ಬರೆಯಿತು ಎಂದು ಗಂಡನಿಗೆ ಹೇಳಿದ್ದೇನೆ, ಅದು ಅರ್ಧ ಸತ್ಯ. ಒಂದು ಕ್ಷಣ ಪೆನ್ನು ನಿಂತಿತ್ತು. ಆ ಇಂಗ್ಲಿಷ್ ಸಹಿ ಎಲ್ಲೆಲ್ಲಿ ಹೋಗಿ ಬಂದಿದೆ ಎಂದು ನನಗೆ ಗೊತ್ತು, ಅದನ್ನು ಈ ಲಕೋಟೆಯ ಮೇಲೆ ಹಾಕಲು ಮನಸ್ಸು ಬರಲಿಲ್ಲ. ಓಟು ಎಂದರೆ ನನಗೆ ಗೊತ್ತಿದ್ದದ್ದು ಒಂದೇ ಸಹಿ. ಪೂರ್ತಿ ಹೆಸರು, ಗೆರೆ, ಎರಡು ಚುಕ್ಕಿ. ಇಪ್ಪತ್ತು ವರ್ಷದ ಮೇಲೆ ಬರೆದರೂ ಚುಕ್ಕಿ ಸರಿಯಾದ ಜಾಗದಲ್ಲೇ ಕೂತಿತು. ನನಗೆ ಎಷ್ಟು ಖುಷಿಯಾಯಿತೆಂದರೆ, ಮಗಳಿಗೆ ತೋರಿಸಿದೆ. ಅವಳು ಚೆನ್ನಾಗಿದೆ ಎಂದಳು. ಇಬ್ಬರೂ ನಡೆದುಕೊಂಡು ಹೋಗಿ ಲೈಬ್ರರಿಯ ಹೊರಗಿನ ಮತಪತ್ರದ ಡಬ್ಬಿಗೆ ಹಾಕಿ ಬಂದೆವು.

ಪತ್ರ ಬಂದ ಮರುದಿನ ಕೌಂಟಿಯ ಕಚೇರಿಗೆ ಹೋದೆ. ಫಾರ್ಮನ್ನು ಅಂಚೆಯಲ್ಲಿ ಕಳಿಸಬಹುದಿತ್ತು, ಆದರೆ ನನಗೆ ಮನುಷ್ಯರ ಮುಖ ನೋಡಬೇಕಿತ್ತು. ಕೌಂಟರಿನ ಹೆಂಗಸು ನನ್ನದೇ ವಯಸ್ಸಿನವಳು, ಕನ್ನಡಕಕ್ಕೆ ಮಣಿಸರ ಕಟ್ಟಿಕೊಂಡಿದ್ದಳು. ಎರಡೂ ಸಹಿಗಳನ್ನು ಪರದೆಯ ಮೇಲೆ ಅಕ್ಕಪಕ್ಕ ತೋರಿಸಿದಳು. ಒಂದು ಬಾಲ ಎಳೆದದ್ದು, ಒಂದು ಗೆರೆ ಎಳೆದದ್ದು. "ಎರಡೂ ನಿಮ್ಮದೇನಾ?" ಎಂದು ಸೌಜನ್ಯದಿಂದಲೇ ಕೇಳಿದಳು. ಅಪ್ಪ ಬೈಯುವುದು ನನಗೆ ಸ್ಪಷ್ಟವಾಗಿ ಕೇಳಿಸಿತು. ಹೌದು ಎಂದೆ.

ಕನ್ನಡದ್ದನ್ನೇ ಇಟ್ಟುಕೊಳ್ಳಬಹುದೇ ಎಂದು ಕೇಳಿದೆ. ಮುಂದಿನ ಚುನಾವಣೆಗೆ ಹೊಸದಾಗಿ ನೋಂದಾಯಿಸಿಕೊಂಡು ಯಾವ ಲಿಪಿಯಲ್ಲಿ ಬೇಕಾದರೂ ಸಹಿ ಕೊಡಬಹುದು, ಆದರೆ ಈ ಓಟು ಉಳಿಯಬೇಕಾದರೆ ಕಡತದಲ್ಲಿರುವುದನ್ನೇ ಹಾಕಬೇಕು ಎಂದಳು. ಮುಂದಿಟ್ಟ ಫಾರ್ಮಿನಲ್ಲಿ, ನಾನು ಹೇಳುತ್ತಿರುವುದು ನಿಜ, ಸುಳ್ಳಾದರೆ ಶಿಕ್ಷೆಗೆ ಒಳಪಡುತ್ತೇನೆ ಎಂದು ಅಚ್ಚಾಗಿತ್ತು. ಅದರ ಕೆಳಗೆ ಆ ರಿಪೋರ್ಟಿನ ಸಹಿಯನ್ನೇ ಹಾಕಿದೆ. ಹೊರಗೆ ಬಂದು ಕಾರಿನಲ್ಲಿ ಕೂತು ಅತ್ತೆ. ಬಾಯಿ ತೆರೆಯಲೆಂದು ಇಷ್ಟು ವರ್ಷ ಕಾದು, ಕೊನೆಗೆ ಸುಮ್ಮನಿರಲು ಬಳಸಿದ ಸಹಿಯಿಂದಲೇ ಬಾಯಿ ತೆರೆಯಬೇಕಾಯಿತಲ್ಲ ಎಂದು ಹೊಟ್ಟೆ ಉರಿಯಿತು.

ಓಟು ಎಣಿಕೆಗೆ ಸೇರಿತು. ವೆಬ್‌ಸೈಟಿನಲ್ಲಿ ಹಸಿರು ಅಕ್ಷರದಲ್ಲಿ ಬಂದದ್ದನ್ನು ನೋಡಿದೆ. ಆದರೆ ಆ ಪ್ರಶ್ನೆ ಬಿದ್ದುಹೋಯಿತು. ಅಲ್ಲ ಎಂದವರೇ ಹೆಚ್ಚು. ಹಾರ್ಡ್‌ಹ್ಯಾಟಿನ ಅಪ್ಪ ಗೆದ್ದ, ಅವನು ನಿಜವಾಗಿ ಯಾರೆಂದು ಯಾರಿಗೂ ಗೊತ್ತಿಲ್ಲ. ನನ್ನ ಓಟು ಸೋತ ರಾಶಿಯಲ್ಲಿ ಕೂತಿತು. ಅದರ ಮೇಲೆ ನನ್ನ ಹೆಸರೂ ಇಲ್ಲ, ಇರಲೂಬಾರದು. ಗುಪ್ತಮತದ ಬಗ್ಗೆ ಅಪ್ಪನಿಗೆ ಎಷ್ಟು ಗೌರವವಿತ್ತೆಂದರೆ ಅವ್ವನನ್ನೂ ಯಾರಿಗೆ ಹಾಕಿದೆ ಎಂದು ಕೇಳುತ್ತಿರಲಿಲ್ಲ. ನನಗೂ ಆ ಗೌರವವಿದೆ. ಆದರೆ ಈ ಒಂದು ವಿಷಯವನ್ನು ಗುಪ್ತವಾಗಿ ಹೇಳಿ ಕೈತೊಳೆದುಕೊಳ್ಳಲು ನೋಡಿದೆ ಎಂದು ಆಗ ಹೊಳೆಯಿತು.

ಆ ಶನಿವಾರ ಬೆಳಿಗ್ಗೆ ಹಲಗೆಯ ಸಂದಿಯಿಂದ ನುಸುಳಿ ಪಕ್ಕದ ಹಿತ್ತಲಿಗೆ ಹೋದೆ. ಮೈಸೂರಿನ ಅಮ್ಮ ಬಿಸಿಲಿಗೆ ಕುರ್ಚಿ ಹಾಕಿಕೊಂಡು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಅವರಿಗೆ ಇನ್ನೂ ಪೌರತ್ವವಿಲ್ಲ, ಓಟಿಲ್ಲ.

"ಏನಮ್ಮ, ನಿನ್ನ ಓಟು ಸರಿಹೋಯ್ತಾ?" ಎಂದರು.

"ಸರಿಹೋಯ್ತು. ಆದ್ರೆ ಸೋತ್ವಿ."

"ಗೊತ್ತಾಯ್ತು. ಹಾಕಿದೆಯಲ್ಲ, ಸಾಕು ಬಿಡು."

ಅವರ ಆ ಮಾತನ್ನು ನುಂಗಿಕೊಂಡು ವಾಪಸು ಬರಬಹುದಿತ್ತು. ಹುಲ್ಲಿನ ಮೇಲೆ ಕೂತೆ. "ಅಮ್ಮಾ, ಆ ಕಾರ್ಖಾನೆ ಬೇಲಿ ಹತ್ರ ಗಾಳಿ ಹಿಡಿದು ರಿಪೋರ್ಟ್ ಬರೀತಿದ್ದೋಳು ನಾನೇ. ಮೂರು ಸಲ ಜಾಸ್ತಿ ಬಂದಿತ್ತು. ಅದನ್ನ ಬರೀಲಿಲ್ಲ. ಕಡಿಮೆ ಬಂದಿದ್ದನ್ನ ಬರೆದು ಸಹಿ ಹಾಕಿದೆ," ಎಂದೆ.

ಸೊಪ್ಪು ಬಿಡಿಸುತ್ತಿದ್ದ ಕೈ ನಿಂತಿತು. "ಯಾವಾಗ?"

"ನೀವು ಸಿಟಿ ಹಾಲಿಗೆ ಬಾ ಅಂದ್ರಲ್ಲ, ಅದೇ ವರ್ಷ."

"ಅವತ್ತು ಮೀಟಿಂಗಿದೆ ಅಂದಿದ್ದೆ."

"ಮೀಟಿಂಗಿರಲಿಲ್ಲ ಅಮ್ಮಾ."

ಇರಲಿ ಬಿಡು ಎನ್ನುತ್ತಾರೆ ಎಂದು ಕಾದೆ. ಅನ್ನಲಿಲ್ಲ. ಜೇಬಿನಿಂದ ಇನ್‌ಹೇಲರು ತೆಗೆದು ಎಳೆದುಕೊಂಡು, ಉಸಿರು ಹಿಡಿದು, ಬಿಟ್ಟರು. ನಾನು ತಲೆ ಎತ್ತಲಿಲ್ಲ. ಆಮೇಲೆ, "ಆ ಕಂಪನಿ ಪರ್ಮಿಟ್ಟು ಮುಂದುವರಿಸೋಕೆ ಮತ್ತೆ ಮೀಟಿಂಗಂತಲ್ಲ, ಮಂಗಳವಾರ," ಎಂದರು.

"ಹೌದು. ಈ ಸಲ ನಾನು ಬರ್ತೀನಿ. ನೀವು ಕನ್ನಡದಲ್ಲಿ ಹೇಳಿ, ನಾನು ಇಂಗ್ಲಿಷಲ್ಲಿ ಹೇಳ್ತೀನಿ."

"ನಾನೇನು ಹೇಳ್ಲಿ? ನನಗೆ ಗೊತ್ತಿರೋದು ಕೆಮ್ಮು ಒಂದೇ. ಈಗ ನನಗೆ ಹೇಳಿದೆಯಲ್ಲ, ಅದನ್ನ ಅಲ್ಲಿ ಹೇಳು. ನಾನು ಪಕ್ಕದಲ್ಲಿ ನಿಂತಿರ್ತೀನಿ."

ವಕೀಲರನ್ನು ಕೇಳದೆ ಬಾಯಿ ಬಿಡಬೇಡ ಎಂದು ಗಂಡ ಹೇಳುತ್ತಾರೆ ಎಂಬುದು ಗೊತ್ತಿತ್ತು. ಹೆದರಿಕೆಯಾಯಿತು, ಅದನ್ನು ಅವರಿಗೂ ಹೇಳಿದೆ.

"ಹೆಸರು ಕೊಡ್ಬೇಕಾ ಅಲ್ಲಿ?" ಎಂದರು.

"ಕೊಡ್ಬೇಕು. ಹೇಳೋದನ್ನ ಬರೆದು ಸಹಿ ಹಾಕಿನೂ ಕೊಡ್ಬೇಕು ಅಂತಿದೀನಿ."

"ಹಾಗಾದ್ರೆ ಹಾಕು," ಎಂದು ಅರ್ಧ ಕಟ್ಟು ಮೆಂತ್ಯವನ್ನು ನನ್ನ ಕಡೆ ತಳ್ಳಿದರು. ಇಬ್ಬರೂ ಕೂತು ಬಿಡಿಸಿದೆವು.